ತಡವಾಗಿ ಹೋದ ಮುಯ್ಯಿ

ಗಂಡ ಸತ್ತ ಮೇಲೆ ನನಗೆ ಉಳಿದದ್ದು ಎರಡು. ಒಂದು ಹಳೇ ಮಂಚ, ಇನ್ನೊಂದು ಮೂರು ಲಕ್ಷದ ಚೀಟಿ. ಮಂಚ ಮಾರಿಬಿಟ್ಟೆ. ಚೀಟಿ ಮಾರಲು ಬರುವುದಿಲ್ಲ, ಕಟ್ಟಲೇಬೇಕು.

ಅವರಿಗೆ ಕಿಡ್ನಿ ಹೋಗಿತ್ತು. ಆಸ್ಪತ್ರೆಯವರು ದುಡ್ಡು ಕೇಳಿದಾಗ, ಬಸವೇಶ್ವರನಗರದಲ್ಲಿ ನಮ್ಮ ಬೀದಿಯಲ್ಲೇ ಚೀಟಿ ನಡೆಸುತ್ತಿದ್ದ ಹೆಂಗಸಿನ ಹತ್ತಿರ ಚೀಟಿಗೆ ಸೇರಿ ಎರಡನೇ ತಿಂಗಳಿಗೇ ಕೂಗಿದೆ. ಕೂಗುವುದು ಎಂದರೆ, ಆ ತಿಂಗಳ ದುಡ್ಡು ಬೇಕಾದವರು ಅದರಲ್ಲಿ ಎಷ್ಟು ಬಿಟ್ಟುಕೊಡುತ್ತೇವೆ ಎಂದು ಹೇಳಬೇಕು. ಹೆಚ್ಚು ಬಿಟ್ಟವರಿಗೆ ಚೀಟಿ. ನನ್ನ ಅವಸರ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೂರು ಲಕ್ಷದಲ್ಲಿ ಕೈಗೆ ಬಂದದ್ದು ಎರಡು ಲಕ್ಷ ಚಿಲ್ಲರೆ. ಅದು ಆಸ್ಪತ್ರೆಗೆ ಹೋಯಿತು, ಅದರ ಹಿಂದೆಯೇ ಅವರೂ ಹೋದರು. ತಿಂಗಳಿಗೆ ಏಳೂವರೆ ಸಾವಿರದಂತೆ ಮೂರು ವರ್ಷಕ್ಕೂ ಮೇಲೆ ಕಟ್ಟುವುದು ನನ್ನ ಪಾಲಿಗೆ ಬಂತು.

ಚೀಟಿ ಎತ್ತಿದವರಿಗೆ ಜಾಮೀನು ಬೇಕು. ನಮಗೆ ಮಕ್ಕಳಿಲ್ಲ. ಕೆಂಗೇರಿಯಿಂದ ನನ್ನ ತಂಗಿ ಬಂದು ಸಹಿ ಹಾಕಿದಳು. ಅವಳ ಗಂಡ ಬೇಡ ಅಂದಿದ್ದರಂತೆ. ಅವರದು ಹಳೇ ಕೆಂಗೇರಿಯ ಜಮೀನಿದ್ದ ಮನೆತನ. ಜಮೀನೆಲ್ಲ ಸೈಟಾಗಿ ಈಗ ಬಾಡಿಗೆ ಮನೆಗಳಿವೆ, ನಾಲ್ಕು ಜನ ನಮಸ್ಕಾರ ಹೇಳುತ್ತಾರೆ. ಸಾಲ ಕೇಳುವವರು ಬಾಗಿಲಿಗೆ ಬಂದು ನಿಂತರೆ ಅವರ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಆದರೂ ತಂಗಿ ಕೇಳಲಿಲ್ಲ. ಅಕ್ಕ ಕಟ್ಟುತ್ತಾಳೆ ಎಂದು ಹೇಳಿ ಬಂದಿದ್ದಳು.

ಚೀಟಿ ಹೆಂಗಸು ತಂಗಿಯ ಎದುರಿಗೇ ನನಗೆ ಹೇಳಿದಳು:

“ನೋಡಿ ಆಂಟಿ, ಪ್ರತಿ ತಿಂಗಳೂ ಐದನೇ ತಾರೀಖು. ತಪ್ಪಿದ್ರೆ ನಾನು ನಿಮ್ಮನ್ನ ಹುಡುಕ್ಕೊಂಡು ಬರಲ್ಲ. ಸೀದಾ ಕೆಂಗೇರಿಗೆ ಹೋಗ್ತೀನಿ.”

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ಬಸ್ ನಂಬರ್ ಹೇಳುವ ಹಾಗೆ ಹೇಳಿದಳು. ಆವತ್ತಿನಿಂದ ನನಗೆ ಇದ್ದದ್ದು ಒಂದೇ ಯೋಚನೆ. ಈ ಹೆಂಗಸು ನನ್ನ ತಂಗಿಯ ಬಾಗಿಲಿಗೆ ಹೋಗಬಾರದು.

ಬಸವೇಶ್ವರನಗರದ ಮನೆ ಬಿಟ್ಟು ಶ್ರೀಗಂಧದ ಕಾವಲಿನಲ್ಲಿ ಒಂದು ಶೀಟಿನ ರೂಮು ಹಿಡಿದೆ. ಬೇಸಿಗೆಯಲ್ಲಿ ಶೀಟು ಕಾದು ಒಳಗೆ ಕೂರಲು ಆಗುವುದಿಲ್ಲ. ಹಗಲು ಯಾರು ಕೂರುತ್ತಾರೆ ಎಂದುಕೊಂಡು ತಗೊಂಡೆ. ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿರ ಒಂದು ಮುದ್ದೆ ಊಟದ ಹೋಟೆಲಿದೆ, ಅಲ್ಲಿ ಹಿಟ್ಟು ತೊಳಸುವ ಕೆಲಸ ಸಿಕ್ಕಿತು. ದಿನಗೂಲಿ. ಬೆಂದ ರಾಗಿ ಹಿಟ್ಟಿನ ದೊಡ್ಡ ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಕೋಲು ತಿರುಗಿಸಬೇಕು. ಗಂಡಸರು ನಾಲ್ಕು ದಿನ ಮಾಡಿ ಬಿಟ್ಟು ಹೋಗುತ್ತಿದ್ದರು. ನಾನು ಬಿಡಲಿಲ್ಲ. ಮಧ್ಯಾಹ್ನದ ಊಟ ಅಲ್ಲೇ. ಸಂಜೆ ಉಳಿದ ಒಂದು ಮುದ್ದೆ, ಸ್ವಲ್ಪ ಸಾರು ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಬಸ್ಸು ಹೆಂಗಸರಿಗೆ ಬಿಟ್ಟಿ, ಅಕ್ಕಿ ರೇಷನ್ನಿನಲ್ಲಿ ಬರುತ್ತದೆ. ಸರ್ಕಾರದ ಎರಡು ಸಾವಿರ ಬಂದ ತಿಂಗಳು ಬಾಡಿಗೆಗೆ ಸಲೀಸು, ಬಾರದ ತಿಂಗಳು ಓನರ್ ಹೆಂಗಸಿನ ಕಣ್ಣು ತಪ್ಪಿಸಿ ಓಡಾಡುವುದು. ಹೂವು ಬಿಟ್ಟೆ, ಎಲೆ ಅಡಿಕೆ ಬಿಟ್ಟೆ. ತರಕಾರಿಯವನು ಗಾಡಿ ಕಟ್ಟುವ ಹೊತ್ತಿಗೆ ಹೋಗಿ ಬಾಡಿದ ಬದನೆಕಾಯಿ ಗುಡ್ಡೆ ಹತ್ತು ರೂಪಾಯಿಗೆ ತರುತ್ತಿದ್ದೆ. ಬಾಡಿದ್ದಾದರೇನು, ಹೇಗೂ ಬೇಯಿಸುವುದೇ ತಾನೆ.

ಇದೆಲ್ಲ ಕಷ್ಟ ಅಲ್ಲ. ನಾನು ಚಿಕ್ಕವಳಾಗಿದ್ದಾಗ ಇದಕ್ಕಿಂತ ಕಡಿಮೆ ಇತ್ತು. ಕಷ್ಟ ಆದದ್ದು ಮುಯ್ಯಿ.

ನಮ್ಮ ಜನರಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಕ್ಕೆ ಹೋದರೂ ಮುಯ್ಯಿ ಓದಿಸಬೇಕು. ಚಪ್ಪರದಲ್ಲಿ ಒಬ್ಬ ಕೂತಿರುತ್ತಾನೆ. ನೀವು ಕೊಟ್ಟದ್ದನ್ನು ಬರೆದುಕೊಂಡು, ಇಂಥವರ ಕಡೆಯಿಂದ ಇಷ್ಟು ಎಂದು ಜೋರಾಗಿ ಹೇಳುತ್ತಾನೆ. ಈಗ ಮೈಕು ಬೇರೆ. ನಿಮ್ಮ ಮನೆಯಲ್ಲಿ ಕಾರ್ಯ ಆದಾಗ ಅವರು ಅದನ್ನು ತಂದು ತೀರಿಸುತ್ತಾರೆ, ಮೇಲೆ ಒಂದಿಷ್ಟು ಸೇರಿಸಿ. ಹತ್ತಿರದವರಾದಷ್ಟೂ ಮುಯ್ಯಿ ದೊಡ್ಡದು. ತಿಂಗಳಿಗೆ ಎರಡು ಕಾರ್ಯ ಬಂದರೆ ನನ್ನ ಬಾಡಿಗೆ ಹೋಯಿತು.

ಮೊದಲನೆಯದು ಗಂಡನ ಕಡೆಯವರ ಗೃಹಪ್ರವೇಶ. ಕರೆಯಲು ಬಂದಾಗ ಬಾಯಿಗೆ ಬಂದದ್ದು ಹೇಳಿದೆ, ಗಂಡ ಸತ್ತವಳು, ಶುಭಕಾರ್ಯದಲ್ಲಿ ನನಗೇನು ಕೆಲಸ ಎಂದು. ಅವರು ಪಾಪ ಎಂದುಕೊಂಡು ಹೋದರು. ಬೇರೆಯವರಿಗೂ ಅದನ್ನೇ ಹೇಳಿದೆ. ಚೆನ್ನಾಗಿ ನಡೆಯಿತು. ಯಾರೂ ಒತ್ತಾಯ ಮಾಡಲಿಲ್ಲ. ಹಿರಿಯರು ಮೆಚ್ಚಿಕೊಂಡರು ಕೂಡ. ನನಗೆ ಆ ಶಾಸ್ತ್ರದಲ್ಲಿ ನಂಬಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ದುಡ್ಡು ಉಳಿಯಲಿ ಎಂದು ಹಾಗೆ ಹೇಳಿದೆ ಅಷ್ಟೇ.

ಒಂದು ವರ್ಷದಲ್ಲಿ ಕರೆಯುವವರು ನಿಂತುಹೋದರು. ಕಾರ್ಯಕ್ಕೆ ಬಾರದವರ ಮನೆಗೆ ಸುಮ್ಮನೆ ಯಾರು ಬರುತ್ತಾರೆ? ಭಾನುವಾರ ಹೋಟೆಲಿಗೆ ರಜ. ಬಟ್ಟೆ ಒಗೆದು, ಅನ್ನಕ್ಕೆ ಇಟ್ಟು, ತಿಂದು, ರೂಮಿನ ಹೊರಗೆ ನೆರಳು ಇದ್ದ ಕಡೆ ಕೂರುತ್ತಿದ್ದೆ. ನೆರಳು ಸರಿದ ಹಾಗೆ ನಾನೂ ಸರಿಯುತ್ತಿದ್ದೆ. ಒಂದು ಸೋಮವಾರ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಅಂದಾಗ ಗಂಟಲಿನಿಂದ ಮಾತು ಹೊರಡಲಿಲ್ಲ, ಕೆಮ್ಮಿ ಹೇಳಬೇಕಾಯಿತು. ಹಿಂದಿನ ಇಡೀ ದಿನ ಬಾಯಿ ತೆರೆದಿರಲಿಲ್ಲ ಎಂದು ಆಗ ಗೊತ್ತಾಯಿತು.

ತಂಗಿ ಮಾತ್ರ ಫೋನ್ ಮಾಡುತ್ತಿದ್ದಳು. ಎರಡನೇ ವರ್ಷ ಅವಳೇ ಬಂದಳು, ಮಗಳ ಮದುವೆಗೆ ಕರೆಯಲು. ವಿಜಯನಗರದಲ್ಲಿ ಛತ್ರ. ಆ ಹುಡುಗಿ ಸ್ಕೂಲಿಗೆ ಹೋಗುವಾಗ ಬೇಸಿಗೆ ರಜವೆಲ್ಲ ನಮ್ಮ ಮನೆಯಲ್ಲೇ ಕಳೆದವಳು. ಬರುತ್ತೇನೆ ಅಂದೆ. ಮನಸ್ಸಿನಿಂದಲೇ ಅಂದೆ. ಹುಡುಗಿಗೆ ದೊಡ್ಡಮ್ಮ ನಾನು, ಐದು ಸಾವಿರಕ್ಕೆ ಕಡಿಮೆ ಓದಿಸಿದರೆ ಮೈಕಿನಲ್ಲಿ ಹೇಳುವುದನ್ನು ಬೀಗರ ಕಡೆಯವರೆಲ್ಲ ಕೇಳುತ್ತಾರೆ. ತಲೆ ತಗ್ಗುವುದು ನನ್ನದಲ್ಲ, ತಂಗಿಯದು. ನಾಲ್ಕು ತಿಂಗಳಿನಿಂದ ಅದಕ್ಕೆಂದೇ ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟಿದ್ದೆ.

ಮದುವೆ ಎಂಟನೇ ತಾರೀಖು. ಹಿಂದಿನ ತಿಂಗಳ ಕೊನೆಯ ವಾರ ಹೋಟೆಲ್ ಓನರ್ ತಂದೆ ತೀರಿಕೊಂಡರು. ತಿಥಿ ಮುಗಿಯುವವರೆಗೆ ಹೋಟೆಲ್ ಮುಚ್ಚಿದರು. ದಿನಗೂಲಿಯವರಿಗೆ ಮುಚ್ಚಿದ ದಿನದ ದುಡ್ಡಿಲ್ಲ. ಐದನೇ ತಾರೀಖು ಬಂತು. ಡಬ್ಬಿ ಬಗ್ಗಿಸಿ, ಕೈಲಿದ್ದದ್ದನ್ನೆಲ್ಲ ಸೇರಿಸಿ, ಚೀಟಿಗೆ ಕೊಟ್ಟೆ. ಮುನ್ನೂರು ಚಿಲ್ಲರೆ ಉಳಿಯಿತು. ಎರಡು ದಾರಿ ಇತ್ತು. ಚೀಟಿ ತಪ್ಪಿಸಿ ಮುಯ್ಯಿ ಓದಿಸಿದರೆ, ಮದುವೆ ಮನೆಯ ಚಪ್ಪರ ಬಿಚ್ಚುವ ಮೊದಲೇ ಆ ಹೆಂಗಸು ಅಲ್ಲಿರುತ್ತಿದ್ದಳು. ಚೀಟಿ ಕಟ್ಟಿದರೆ ಬರಿಗೈಲಿ ಹೋಗಬೇಕು. ನಾನು ಹೋಗಲಿಲ್ಲ.

ಹೋಟೆಲ್ ಹಿಂದಿನ ದಿನವೇ ತೆರೆದಿತ್ತು, ಮದುವೆ ದಿನ ಅಲ್ಲಿಗೆ ಹೋಗಿ ಹಿಟ್ಟು ತೊಳಸಿದೆ. ಓನರ್‌ಗೆ ಮದುವೆ ವಿಷಯ ಗೊತ್ತಿತ್ತು.

“ಏನಮ್ಮ, ಇವತ್ತು ತಂಗಿ ಮಗಳ ಮದುವೆ ಅಂದಿದ್ರಿ?”

“ಮುಗೀತು,” ಅಂದೆ.

“ಹತ್ತು ಗಂಟೆಗೇ ಮುಗೀತಾ? ಊಟ?”

“ಬಾಳೆ ಎಲೆ ಊಟ. ಹೊಟ್ಟೆ ಭಾರ ಆಗಿದೆ.”

ಅವನು ನನ್ನ ಸೀರೆ ನೋಡಿದ, ಮುಖ ನೋಡಿದ, ಗಲ್ಲಾಕ್ಕೆ ಹೋಗಿ ಕೂತ. ಮಧ್ಯಾಹ್ನ ಕೇಳದೆ ಎರಡು ಮುದ್ದೆ ಹಾಕಿಸಿದ. ತಿಂದೆ.

ಸಂಜೆ ತಂಗಿಯ ಫೋನ್ ಬಂತು. ಗಂಡ ಸತ್ತವಳು ಧಾರೆ ಹೊತ್ತಿಗೆ ಯಾಕೆ ಎಂದು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಅವಳ ಹಿಂದೆ ಪಾತ್ರೆ ಸದ್ದು, ಜನರ ಸದ್ದು ಕೇಳಿಸುತ್ತಿತ್ತು. ಆಮೇಲೆ ಫೋನ್ ಇಟ್ಟಳು. ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಾಡಿದರೆ ನಿಜ ಹೇಳಬೇಕಾಗುತ್ತದೆ. ಹೇಳಿದರೆ ಅವಳು ಚೀಟಿ ನಾನೇ ಕಟ್ಟುತ್ತೇನೆ ಎನ್ನುತ್ತಾಳೆ. ಅವಳ ಗಂಡ ಬೇಡ ಅಂದದ್ದು ಸರಿಯಾಗಿಬಿಡುತ್ತದೆ.

ಹುಡುಗಿಗೆ ಮಗುವಾಯಿತಂತೆ. ನಾಮಕರಣವೂ ಆಯಿತಂತೆ. ನನಗೆ ಗೊತ್ತಾದದ್ದು ವಿಜಯನಗರದ ಮಾರ್ಕೆಟ್ಟಿನಲ್ಲಿ ಸಿಕ್ಕ ನೆಂಟರೊಬ್ಬರಿಂದ. ಅವರು ನನಗೆ ಗೊತ್ತಿದೆ ಎಂದುಕೊಂಡೇ ಹೇಳುತ್ತಿದ್ದರು. ನಾನೂ ಗೊತ್ತಿದ್ದವಳ ಹಾಗೆ ತಲೆ ಆಡಿಸಿದೆ.

ಕೊನೆಯ ಕಂತು ಕಟ್ಟಿದ ದಿನ ಚೀಟಿ ಹೆಂಗಸು ಮೊದಲ ಸಲ ಕೂರಿಸಿ ಕಾಫಿ ಕೊಟ್ಟಳು. ಒಂದು ಸಲವೂ ತಪ್ಪಿಸಲಿಲ್ಲ ನೀವು, ಇನ್ನೊಂದು ಚೀಟಿ ಸೇರಿ, ನಿಮಗೆ ಜಾಮೀನು ಕೂಡ ಬೇಡ ಅಂದಳು. ನಿನ್ನ ಕಾಫಿ ಚೆನ್ನಾಗಿದೆ, ಚೀಟಿ ಬೇಡ ಎಂದು ಎದ್ದು ಬಂದೆ. ಬೀದಿಗೆ ಬಂದ ಮೇಲೆ ಖುಷಿ ಆಗುತ್ತದೆ ಎಂದುಕೊಂಡಿದ್ದೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೆ ಎಂದು ಯೋಚಿಸುತ್ತಾ ಬಸ್ ಸ್ಟಾಪ್ ಬಂತು.

ಮುಂದಿನ ತಿಂಗಳು ಚೀಟಿಯ ದುಡ್ಡು ನನ್ನ ಕೈಯಲ್ಲೇ ಉಳಿಯಿತು. ಅದರಲ್ಲಿ ಐದು ಸಾವಿರಕ್ಕೆ ಒಂದು ರೂಪಾಯಿ ಸೇರಿಸಿ, ಎರಡು ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಒಂದು ಭಾನುವಾರ ಕೆಂಗೇರಿಗೆ ಹೋದೆ.

ತಂಗಿಯ ಮಗಳು ಬಾಗಿಲು ತೆಗೆದಳು. ತವರಿಗೆ ಬಂದಿದ್ದಳು, ಕಂಕುಳಲ್ಲಿ ಮಗು. ದೊಡ್ಡಮ್ಮ ಬಂದಿದಾರೆ ಎಂದು ಒಳಗೆ ಕೂಗಿ, ಸೋಫಾದ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದಳು. ಕಾಫಿ ತಂದಳು, ಸಾಸರ್ ಸಮೇತ. ಲೋಟ ತೊಳೆದಿಡಲು ಎದ್ದರೆ ಬೇಡ, ಕೆಲಸದವಳು ತೊಳೆಯುತ್ತಾಳೆ ಅಂದಳು. ಮಗು ನನ್ನನ್ನು ನೋಡಿ ಅವಳ ಕುತ್ತಿಗೆಗೆ ಮುಖ ಒತ್ತಿತು. ತಾಯಿ ಮಗು ಒಳಗೆ ಹೋದರು.

ತಂಗಿ ಬಂದು ಎದುರಿಗೆ ಕೂತಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಲೆ ಅಡಿಕೆ, ದುಡ್ಡು ಟೀಪಾಯಿ ಮೇಲೆ ಇಟ್ಟೆ.

“ಇದೇನು?”

“ಮುಯ್ಯಿ. ಹುಡುಗಿ ಮದುವೇದು.”

“ಮದುವೆ ಆಗಿ ಮಗು ಓಡಾಡ್ತಾ ಇದೆ.”

“ಗೊತ್ತು.”

ಚೀಟಿ, ಐದನೇ ತಾರೀಖು, ಜಾಮೀನು, ಹೋಟೆಲ್ ಮುಚ್ಚಿದ್ದು, ಎಲ್ಲ ಹೇಳಿದೆ. ಹೇಳಿದರೆ ನಾಲ್ಕೇ ಮಾತು. ಅವಳು ದುಡ್ಡನ್ನೇ ನೋಡುತ್ತಾ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ನಿನ್ನನ್ನ ಧಾರೆಗೆ ನಿಲ್ಲಿಸ್ಬೇಕು ಅಂತ ಬೀಗರ ಹತ್ರ ಜಗಳ ಆಡಿದ್ದೆ ಕಣಕ್ಕ. ಗಂಡ ಇಲ್ದೋರು ಮುಂದೆ ಬರಬಾರದು ಅಂದ್ರು. ನಮ್ಮಕ್ಕ ಬರ್ಲಿಲ್ಲ ಅಂದ್ರೆ ಧಾರೆನೇ ಬೇಡ ಅಂದೆ. ಒಪ್ಕೊಂಡ್ರು. ನೀನು ಬರ್ಲೇ ಇಲ್ಲ. ಸಂಜೆ ಫೋನ್ ಮಾಡಿದ್ರೆ ಬೀಗರು ಹೇಳಿದ್ದನ್ನೇ ನೀನೂ ಹೇಳ್ದೆ.”

“ನನಗೆ ನೀನು ಹೇಳಿರ್ಲಿಲ್ಲ.”

“ನೀನು ಹೇಳಿದ್ಯಾ, ದುಡ್ಡಿಲ್ಲ ಅಂತ?”

ಹೇಳಿದ್ದರೆ ಅವಳೇ ದುಡ್ಡು ಕೊಟ್ಟು ನನ್ನ ಹೆಸರಲ್ಲಿ ಓದಿಸುತ್ತಿದ್ದಳು. ಅದು ನನಗೆ ಬೇಡವಾಗಿತ್ತು. ಈಗಲೂ ಬೇಡ.

ಅವಳು ದುಡ್ಡನ್ನು ನನ್ನ ಕಡೆ ತಳ್ಳಿದಳು.

“ತಗೊಂಡು ಹೋಗಕ್ಕ. ಇದನ್ನ ನಾನು ಯಾವಾಗ ತೀರಿಸ್ಲಿ? ನಿನ್ನ ಮನೇಲಿ ಇನ್ಯಾವ ಕಾರ್ಯ ಇದೆ?”

ಅಂದ ಮೇಲೆ ತುಟಿ ಕಚ್ಚಿಕೊಂಡಳು. ನನಗೆ ಬೇಜಾರಾಗಲಿಲ್ಲ. ಇದ್ದದ್ದೇ ಅಂದಳು. ಮದುವೆ ಮಾಡಲು ಮಕ್ಕಳಿಲ್ಲ, ಗೃಹಪ್ರವೇಶಕ್ಕೆ ಸ್ವಂತ ಮನೆ ಇಲ್ಲ.

“ಒಂದು ಇದ್ಯಲ್ಲ,” ಅಂದೆ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

“ಥೂ, ಬಿಡ್ತು ಅನ್ನು. ತಿಥಿಗೆ ಯಾರಾದ್ರೂ ಮುಯ್ಯಿ ಓದಿಸ್ತಾರಾ?”

“ಓದಿಸ್ಬೇಡ. ಬಂದು ನಿಂತ್ಕೋ ಸಾಕು. ನಿನ್ನ ಗಂಡನ್ನೂ ಕರ್ಕೊಂಡು ಬಾ, ಎತ್ತೋಕೆ ನಾಲ್ಕು ಜನ ಬೇಕಲ್ಲ.”

“ಅವರಿಗೆ ಸೊಂಟ ಹಿಡ್ಕೊಂಡಿದೆ. ಬಕೆಟ್ ಎತ್ತೋಕಾಗಲ್ಲ, ನಿನ್ನೇನು ಎತ್ತಾರು?”

“ಹಂಗಾದ್ರೆ ಅಳಿಯನ್ನ ಕಳ್ಸು.”

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಒಳಗೆ ಮಗು ಏನೋ ಬೀಳಿಸಿತು, ಅದರ ಅಮ್ಮ ಗದರಿದಳು. ತಂಗಿ ಕೈ ಚಾಚಿ ದುಡ್ಡು ತಗೊಂಡಳು. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ನೋಟು ಎಣಿಸಿದಳು, ಮೇಲಿನ ಒಂದು ರೂಪಾಯಿ ಕೂಡ ನೋಡಿದಳು. ಹಾಗೆ ಎಣಿಸಿದ್ದು ನನಗೆ ಸಮಾಧಾನವಾಯಿತು. ಎಣಿಸದೆ ಇಟ್ಟುಕೊಂಡಿದ್ದರೆ ಅಕ್ಕನ ಸಮಾಧಾನಕ್ಕೆ ತಗೊಂಡ ಹಾಗೆ. ಎಣಿಸಿದರೆ ಲೆಕ್ಕಕ್ಕೆ ತಗೊಂಡ ಹಾಗೆ. ಎದ್ದು ಹೋಗಿ ಬೀರುವಿನಲ್ಲಿಟ್ಟು ಬಂದಳು. ಊಟ ಮಾಡಿಕೊಂಡು ಹೋಗು ಅಂದಳು. ಮಾಡಿದೆ. ಬಡಿಸಿದವಳು ಅವಳು, ಮಾತಾಡಿದ್ದು ಕಡಿಮೆ.

ಮೊದಲಿನ ಹಾಗೆ ನಾವು ಆಗಲಿಲ್ಲ. ಆಗುತ್ತೇವೆ ಎಂದು ನಾನು ಹೋಗಿರಲೂ ಇಲ್ಲ. ಹುಡುಗಿ ನನ್ನನ್ನು ನೋಡಲು ಬರುವುದಿಲ್ಲ, ಬೇರೆ ಕಾರ್ಯಗಳಿಗೆ ಯಾರೂ ಕರೆಯುವುದೂ ಇಲ್ಲ. ನಾನೇ ಹೇಳಿದ ಶಾಸ್ತ್ರವನ್ನು ಜನ ನನ್ನ ಮಟ್ಟಿಗೆ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಹಿಟ್ಟು ತೊಳಸುವುದು ನಡೆದಿದೆ, ತೋಳು ನಡೆದಷ್ಟು ದಿನ.

ಭಾನುವಾರ ಬೆಳಿಗ್ಗೆ ತಂಗಿ ಒಂದು ಫೋನ್ ಮಾಡುತ್ತಾಳೆ. ಇದೀಯಾ ಅನ್ನುತ್ತಾಳೆ. ಇದೀನಿ ಅನ್ನುತ್ತೇನೆ. ಸರಿ ಎಂದು ಇಡುತ್ತಾಳೆ.