ಎಂಟು ನಿಮಿಷ ಕಾಯಿಸಿದ ಅಂದಾನೆಪ್ಪನವರು

ನಮ್ಮ ಸೀಮೆಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಬೇರೂರಿದ ಬಗೆಯನ್ನು ಬರೆಯುವವರು ಶಸ್ತ್ರವೈದ್ಯರ ಹೆಸರುಗಳನ್ನು ಮರೆಯಲಾರರು. ಆದರೆ ಹೃದಯ ನಿಂತಷ್ಟು ಹೊತ್ತು ಅದರ ಕೆಲಸವನ್ನು ಯಂತ್ರದಿಂದ ಮಾಡಿಸಿದ ಶ್ರೀ ಅಂದಾನೆಪ್ಪನವರನ್ನು ಬಿಟ್ಟರೆ ಆ ಬರಹ ಅರೆಬರೆಯಾದೀತು. ಕಟಕೋಳದಲ್ಲಿ ಹುಟ್ಟಿ, ರಾಮದುರ್ಗದ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಕಲಿತು, ೧೯೯೧ರಲ್ಲಿ ನಮ್ಮ ಆಸ್ಪತ್ರೆ ಸೇರಿದ ಅವರು ಈ ವರ್ಷ, ೨೦೦೯ರಲ್ಲಿ, ನಿವೃತ್ತರಾಗಿ ಬೈಲಹೊಂಗಲದಲ್ಲಿ ನೆಲೆಸಿದ್ದಾರೆ.

ರಕ್ತ ಯಂತ್ರದೊಳಗೆ ಹರಿಯಬೇಕಾದರೆ ಹೆಪ್ಪುಗಟ್ಟಬಾರದು. ಅದಕ್ಕೆ ಹೆಪಾರಿನ್ ಎಂಬ ಔಷಧ ಕೊಡುತ್ತೇವೆ; ಕೊಟ್ಟ ಮೇಲೆ ನಳಿಕೆಗೆ ತೆಗೆದ ರಕ್ತ ಎಂಟು ನಿಮಿಷವಾದರೂ ತೆಳ್ಳಗೇ ಇರಬೇಕು. ಇದನ್ನು ಅಳೆಯುವ ಉಪಕರಣ ಬಂದ ಮೇಲೂ ಅಂದಾನೆಪ್ಪನವರು ಇನ್ನೊಂದು ನಳಿಕೆಯನ್ನು ಅಂಗೈ ಬಿಸಿಯಲ್ಲಿ ಹಿಡಿದು, ವಾಲಿಸಿ ವಾಲಿಸಿ ನೋಡುತ್ತಿದ್ದರು. ಕಿರಿಯ ವೈದ್ಯರಾದ ನಾವು ನಗುತ್ತಿದ್ದೆವು. ನಮಗೆ ಬುದ್ಧಿ ಕಡಿಮೆ, ಬಾಯಿ ಜಾಸ್ತಿ.

೧೯೯೮ರಲ್ಲಿ ಸವದತ್ತಿಯ ಶಟ್ಟೆವ್ವನವರ ಹೃದಯದ ಕವಾಟ ಬದಲಿಸಿದ ದಿನ, ಅರಿವಳಿಕೆ ವೈದ್ಯೆಯಾಗಿ ಹೆಪಾರಿನ್ ಕೊಟ್ಟವಳು ನಾನು, ರಕ್ತ ತೆಗೆದವಳೂ ನಾನು. ಉಪಕರಣದಲ್ಲಿ ಎಂಟು ನಿಮಿಷ ದಾಟಿದರೂ ರಕ್ತ ಹೆಪ್ಪುಗಟ್ಟಲಿಲ್ಲ.

"ಆತಲ್ಲ, ಚಾಲೂ ಮಾಡ್ರಿ," ಎಂದರು ಶಸ್ತ್ರವೈದ್ಯರು.

ಅಂದಾನೆಪ್ಪನವರು ಯಂತ್ರದಿಂದ ಕೈ ತೆಗೆದರು. "ಮೊದಲಿನ ರಕ್ತ ಚೆಲ್ಲೋದು ಉಳದೈತ್ರಿ ಸಾಹೇಬ್ರ. ಆ ಕೊಳವ್ಯಾಗ ಹೆಪಾರಿನ್ ಮೊದಲ ಇತ್ತು. ಇನ್ನೊಮ್ಮೆ ನೋಡೂತನಕ ನಾ ಚಾಲೂ ಮಾಡಂಗಿಲ್ರಿ."

ರಕ್ತ ತೆಗೆಯುವ ಕೊಳವೆ ಕಟ್ಟಿಕೊಳ್ಳದಿರಲೆಂದು ಅದರಲ್ಲೂ ತುಸು ಹೆಪಾರಿನ್ ತುಂಬಿರುತ್ತೇವೆ; ಅದು ಬೆರೆತ ಮೊದಲಿನ ರಕ್ತವನ್ನು ಚೆಲ್ಲಿ, ಆಮೇಲಿನದನ್ನು ಅಳೆಯಬೇಕು. ಚೆಲ್ಲಲು ಮರೆತವಳು ನಾನೇ. ಹೊಸದಾಗಿ ತೆಗೆದ ರಕ್ತ ಅವರ ಅಂಗೈಯಲ್ಲಿದ್ದ ನಳಿಕೆಯಲ್ಲಿ ಮೂರು ನಿಮಿಷದೊಳಗೆ ಗಟ್ಟಿಯಾಯಿತು. ಹುಡುಕಿದರೆ ಔಷಧದ ಕೊಳವೆಯ ಜೋಡಣೆ ಕಳಚಿತ್ತು. ಹೆಪಾರಿನ್ನನ್ನು ಹಾಸಿಗೆ ಕುಡಿದಿತ್ತು. ಯಂತ್ರ ನಡೆಸಿದ್ದರೆ ಶಟ್ಟೆವ್ವನವರು ಮೇಜಿನಿಂದ ಏಳುತ್ತಿರಲಿಲ್ಲ. ಮತ್ತೆ ಔಷಧ ಕೊಟ್ಟು, ಮತ್ತೆ ಎಂಟು ನಿಮಿಷ ಎಲ್ಲರನ್ನೂ ಕಾಯಿಸಿ, ಆಮೇಲೆಯೇ ಅಂದಾನೆಪ್ಪನವರು ಯಂತ್ರ ನಡೆಸಿದರು.

ಹೊರಗೆ ಬಂದು ನಾನು ಅತ್ತುಬಿಟ್ಟೆ. "ಅಳಬ್ಯಾಡ್ರಿ ಮೀನಾ ಬಾಯಾರ, ಉಂಡ ಬರ್ರಿ. ನಾಳೆ ಮತ್ತೊಬ್ಬರು ಅದಾರ," ಎಂದರು ಅಂದಾನೆಪ್ಪನವರು. ದಾಖಲೆಯಲ್ಲಿ 'ರಕ್ತ ಎರಡನೆಯ ಸಲ ತೆಗೆಯಲಾಯಿತು' ಎಂದಷ್ಟೇ ಬರೆದರು.

ಶಟ್ಟೆವ್ವನವರು ವರ್ಷವರ್ಷವೂ ತಪಾಸಣೆಗೆ ಬರುವಾಗ ನನಗೆ ಶೇಂಗಾ ಹೋಳಿಗೆ ತರುತ್ತಾರೆ: "ಜೀವಾ ಉಳಿಸಿದಾಕಿ ನೀವ." ಹನ್ನೊಂದು ವರ್ಷ ತುಟಿ ಬಿಚ್ಚದೆ ತಿಂದೆ. ಈ ಲೇಖನ ಬರೆಯಲು ಕುಳಿತ ದಿನಗಳಲ್ಲಿ ಅವರು ಮತ್ತೆ ಬಂದಾಗ ತಡೆಯಲಾಗಲಿಲ್ಲ, ಎಲ್ಲವನ್ನೂ ಅವರಿಗೆ ಹೇಳಿಬಿಟ್ಟೆ. ಅವರು ನನಗೆಂದು ಬಿಚ್ಚಿದ ಹೋಳಿಗೆಯ ಗಂಟನ್ನು ಮತ್ತೆ ಕಟ್ಟಿದರು. "ಹಂಗಾರ ಇವು ಅವರವು. ಬೈಲಹೊಂಗಲದಾಗ ಅವರ ಮನಿ ಎಲ್ಲಿ ಬರತೈತ್ರಿ?"

ಅಂದಾನೆಪ್ಪನವರೇ, ತುಂಬುಕಾಲ ಬಾಳಿರಿ, ಹೊಸಬರಿಗೆ ನಳಿಕೆ ಹಿಡಿಯುವುದನ್ನು ಕಲಿಸುತ್ತಿರಿ. ಶಟ್ಟೆವ್ವನವರು ಬಂದಾಗ ಹತ್ತಿರ ಕೂಡಿಸಿಕೊಳ್ಳಿ. ಅವರದು ಲೋಹದ ಕವಾಟ; ಮನೆ ಸದ್ದಿಲ್ಲದಿದ್ದರೆ ಅದು ಬಡಿಯುವುದು ನಿಮ್ಮ ಕಿವಿಗೇ ಕೇಳಿಸುತ್ತದೆ.