ಅಳು ಕಲಿಸುತ್ತಿದ್ದ ಲಾಯರಮ್ಮ

ಕಣ್ಣೀರನ್ನು ಯಾವಾಗ ಒರೆಸಿಕೊಳ್ಳಬೇಕು, ಯಾವಾಗ ಹಾಗೇ ಇಳಿಯಲು ಬಿಡಬೇಕು ಎಂಬುದನ್ನು ಸುಭದ್ರಮ್ಮನವರು ಪಾಠ ಹೇಳಿದ ಹಾಗೆ ಹೇಳಿಕೊಡುತ್ತಿದ್ದರು. ಕೋಲಾರದಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಕೇಸು ತಂದ ಹೆಂಗಸನ್ನು ಎದುರಿಗೆ ನಿಲ್ಲಿಸಿಕೊಂಡು, ಬೀದಿ ಕಡೆಯ ಕಿಟಕಿ ಮುಚ್ಚಿ, "ಮೂಗು ಸೀಟಬೇಡ. ಸೀಟಿದ್ರೆ ಜಡ್ಜಿಗೆ ಹೇಸಿಗೆ ಆಗುತ್ತೆ. ಸೆರಗಿನ ತುದಿ ಮಾತ್ರ ಮುಟ್ಟಿಸ್ಕೋ, ಹಿಂಗೆ" ಎಂದು ತಾವೇ ಮಾಡಿ ತೋರಿಸುತ್ತಿದ್ದರು. ಹಾಗೆ ತೋರಿಸುವಾಗ ಅವರ ಕಣ್ಣು ಮಾತ್ರ ಒಣಗಿಕೊಂಡೇ ಇರುತ್ತಿತ್ತು.

ಅವರು ಅಳುವವರ ಪೈಕಿಯೇ ಅಲ್ಲ. ಬಿಳಿ ಸೀರೆ, ಮೇಲೆ ಕಪ್ಪು ಕೋಟು, ಕಾಲಿಗೆ ಗಂಡಸರು ಹಾಕುವಂಥ ಬೂಟು. ಎಪ್ಪತ್ತರ ದಶಕದ ಆ ಕೋರ್ಟಿನಲ್ಲಿ ನಾನು ಕಂಡಂತೆ ಅವರೊಬ್ಬರೇ ಹೆಂಗಸು ವಕೀಲರು. ಮದುವೆಯಾಗಿರಲಿಲ್ಲ. ಮೊದಲ ದಿನ ವಕೀಲರ ಕೋಣೆಗೆ ಕಾಲಿಟ್ಟಾಗ ಹಿರಿಯರೊಬ್ಬರು ಪೇಪರಿನಿಂದ ತಲೆ ಎತ್ತದೆ, "ಕಕ್ಷಿದಾರರು ಹೊರಗಡೆ ಜಗಲಿ ಮೇಲೆ ಕೂತ್ಕೋಬೇಕಮ್ಮ" ಎಂದರಂತೆ. ಇವರು ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತು, "ನಿಮ್ಮ ಕೇಸಿಗೆ ಎದುರು ವಕೀಲಳು ನಾನೇ ಸಾರ್. ಜಗಲಿ ಮೇಲೆ ಕೂತು ವಾದ ಮಾಡ್ಲಾ?" ಎಂದರಂತೆ. ಈ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಮಾತ್ರ ಮುಖ ಸ್ವಲ್ಪ ಹೊತ್ತು ಗಂಟಾಗಿರುತ್ತಿತ್ತು.

ಇಂಥವರು ಬೇರೆ ಹೆಂಗಸರಿಗೆ ಅಳು ಕಲಿಸುವುದೇಕೆ ಎಂದರೆ ಅದಕ್ಕೂ ಅವರ ಹತ್ತಿರ ಉತ್ತರವಿತ್ತು. "ಕೋರ್ಟಿಗೆ ಎರಡೇ ಥರದ ಹೆಂಗಸರು ಗೊತ್ತು. ಅಳೋಳು, ಇಲ್ಲಾಂದ್ರೆ ಕೆಟ್ಟೋಳು. ನೀನು ಯಾವಳಾಗ್ತೀಯೋ ಈಗಲೇ ಹೇಳಿಬಿಡು, ನನಗೆ ಟೈಮಿಲ್ಲ." ಹೀಗೆ ಕೇಳಿದರೆ ಯಾರು ತಾನೇ ಕೆಟ್ಟವಳಾಗುತ್ತೇನೆ ಎಂದಾರು? ಎಲ್ಲರೂ ಅಳುವವರೇ ಆಗುತ್ತಿದ್ದರು, ಮತ್ತು ಬಹುಪಾಲು ಗೆಲ್ಲುತ್ತಿದ್ದರು.

ನಾನು ಆ ಕೋಣೆಗೆ ಅಮ್ಮನ ಸೆರಗು ಹಿಡಿದುಕೊಂಡು ಹೋದಾಗ ನನಗೆ ಎಂಟು ವರ್ಷ. ಅಪ್ಪ ನಮ್ಮನ್ನು ಬಿಟ್ಟು ಮಾಲೂರಿಗೆ ಹೋಗಿ, ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿ, ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಈಗ ಮಗಳು ಬೇಕು ಎಂದು ಕೋರ್ಟಿಗೆ ಅರ್ಜಿ ಹಾಕಿದ್ದ. ಅಮ್ಮ ಒಳ್ಳೆಯ ತಾಯಿಯಲ್ಲ ಎನ್ನುವುದಕ್ಕೆ ಅವನು ಕೊಟ್ಟ ಕಾರಣ ಒಂದೇ, ಅವಳ ಕಸುಬು.

ನಮ್ಮಮ್ಮ ಮುನಿರತ್ನಮ್ಮ ದನದ ವ್ಯಾಪಾರ ಮಾಡುತ್ತಿದ್ದಳು. ದೇವರಾಯಸಮುದ್ರದ ಹತ್ತಿರ ನಮ್ಮೂರು. ತಾತ ದನದ ದಲ್ಲಾಳಿ, ಗಂಡುಮಗನಿಗೆ ದನ ಕಂಡರೆ ಆಗದು, ಹಾಗಾಗಿ ಕಸುಬು ಮಗಳಿಗೆ ಬಂತು. ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೆಲ್ಲಿ ದನದ ಸಂತೆ ಕೂಡುತ್ತದೋ ಅಲ್ಲೆಲ್ಲ ಅಮ್ಮ ಹೆಗಲ ಮೇಲೊಂದು ಟವಲು ಹಾಕಿಕೊಂಡು ಓಡಾಡುತ್ತಿದ್ದಳು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿಯಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳಬೇಕು. ಸುತ್ತ ನಿಂತವರಿಗೆ ತಿಳಿಯಬಾರದು ಎನ್ನುವುದಕ್ಕೆ ಈ ಏರ್ಪಾಡು. ಅಮ್ಮನೂ ಹಾಗೇ ಮಾಡುತ್ತಿದ್ದಳು. ಸಂತೆಯ ಗಂಡಸರಿಗೆ ಅದು ರೂಢಿಯಾಗಿತ್ತು. ಕೈ ಹಿಡಿದವರ ಗಮನವೆಲ್ಲ ಹಸುವಿನ ಕೆಚ್ಚಲ ಮೇಲೆಯೇ ಇರುತ್ತಿತ್ತು. ಆದರೆ ಅಪ್ಪನ ವಕೀಲರು ಅದನ್ನು ಬರೆದದ್ದು ಬೇರೆ ರೀತಿ: ಈಕೆ ಬಟ್ಟೆಯ ಮರೆಯಲ್ಲಿ ಪರಪುರುಷರ ಕೈ ಹಿಡಿಯುತ್ತಾಳೆ.

ಸುಭದ್ರಮ್ಮನವರು ಅದನ್ನು ಓದಿ ಹಣೆ ಹಣೆ ಚಚ್ಚಿಕೊಂಡರು. "ಟವಲ್ಲು ಗಿವಲ್ಲು ಏನೂ ಇಲ್ಲ. ಸಂತೆ ಬಿಟ್ಟು ವರ್ಷ ಆಯ್ತು ಅಂತೀಯ. ಅಣ್ಣನ ಆಶ್ರಯದಲ್ಲಿ ಇದ್ದೀನಿ, ಅಡಿಗೆ ಮಾಡ್ಕೊಂಡು ಬಿದ್ದಿದ್ದೀನಿ ಅಂತೀಯ."

"ನಮ್ಮಣ್ಣನೇ ನನ್ನ ಅನ್ನ ತಿಂತಾವ್ನಲ್ಲಮ್ಮ" ಎಂದಳು ಅಮ್ಮ.

"ಮಗು ಬೇಕಾ ಬೇಡ್ವಾ?"

ಅಮ್ಮ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಸುಭದ್ರಮ್ಮನವರು ನನ್ನ ಗಲ್ಲ ಹಿಡಿದು, "ಜಡ್ಜಪ್ಪ ಕೇಳ್ತಾರೆ ಪುಟ್ಟಿ, ನಿಮ್ಮಮ್ಮ ಏನು ಮಾಡ್ತಾಳೆ ಅಂತ. ಮನೇಲೇ ಇರ್ತಾಳೆ, ಎಲ್ಲೂ ಹೋಗಲ್ಲ ಅನ್ನು. ಸಂತೆ ಅನ್ನೋ ಮಾತೇ ಬರಕೂಡದು. ಸಂತೆಗೆ ಹೋಗೋ ಅಮ್ಮನ ಹತ್ರ ಮಕ್ಕಳನ್ನ ಬಿಡಲ್ಲ, ಗೊತ್ತಾ?" ಎಂದರು. ಅಷ್ಟು ದಿನ ಅಮ್ಮ ಸಂತೆಯಿಂದ ಬರುವುದನ್ನು ನಾನು ಊರ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅದರಲ್ಲಿ ಬಚ್ಚಿಡಬೇಕಾದದ್ದು ಏನೋ ಇದೆಯೆಂದು ನನಗೆ ಗೊತ್ತಾದದ್ದು ಅವತ್ತೇ.

ಜಡ್ಜರ ಒಳಕೋಣೆಯಲ್ಲಿ ನಾನು ಕಲಿಸಿದ್ದನ್ನು ಕಲಿಸಿದ ಹಾಗೇ ಒಪ್ಪಿಸಿದೆ. ಅರ್ಧ ತೆರೆದ ಬಾಗಿಲಾಚೆ ಅಮ್ಮ ನಿಂತಿದ್ದಳು. ಸುಭದ್ರಮ್ಮನವರು ಹೊರಗೆ ಬಂದ ಮೇಲೆ ನನ್ನ ಬೆನ್ನು ತಟ್ಟಿ ಕಡಲೆಮಿಠಾಯಿ ಕೊಡಿಸಿದರು. ಬಸ್ಸಿನಲ್ಲಿ ಅಮ್ಮ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಗೆದ್ದೆವು. ಆದರೆ ಆರ್ಡರಿನಲ್ಲಿ ಒಂದು ಮಾತಿತ್ತು. ತಾಯಿ ಸಂತೆ ವ್ಯಾಪಾರ ಬಿಟ್ಟು ಅಣ್ಣನ ರಕ್ಷಣೆಯಲ್ಲಿ ಗೃಹಿಣಿಯಾಗಿ ಇರುವುದರಿಂದ ಮಗು ಅವಳ ಬಳಿ ಇರಬಹುದು. ಅವಳು ಮತ್ತೆ ಆ ದಾರಿ ಹಿಡಿದರೆ ತಂದೆ ಕೋರ್ಟಿಗೆ ಬರಬಹುದು. ತಾವು ಕಲಿಸಿದ ಸುಳ್ಳೇ ಷರತ್ತಾಗಿ ಕೂತದ್ದನ್ನು ಸುಭದ್ರಮ್ಮನವರು ಆ ಗೆಲುವಿನ ಭರದಲ್ಲಿ ಗಮನಿಸಲಿಲ್ಲವೋ, ಗಮನಿಸಿಯೂ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡರೋ.

ಅಮ್ಮ ಸಂತೆ ಬಿಟ್ಟಳು. ಮನೆಯಲ್ಲಿ ಅವಳ ದುಡಿಮೆ ನಿಂತಿತು, ಸೋದರಮಾವನ ಮಾತು ಏರಿತು. ಅತ್ತೆ ನನ್ನ ತಟ್ಟೆಗೆ ಮುದ್ದೆ ಹಾಕುವಾಗ ಅಮ್ಮನ ಮುಖ ನೋಡಿ ಹಾಕುತ್ತಿದ್ದಳು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅಮ್ಮ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಳಬಾಗಿಲಿನ ಬಸ್ಸು ಹತ್ತಿದಳು. ಕಂಡವರು ಮಾಲೂರಿಗೆ ಸುದ್ದಿ ಮುಟ್ಟಿಸಿದರು. ಅಪ್ಪ ಮತ್ತೆ ಅರ್ಜಿ ಹಾಕಿದ.

ಈ ಸಲ ಸುಭದ್ರಮ್ಮನವರು ಅಭ್ಯಾಸಬಲದಿಂದ ಎದ್ದು ಹೋಗಿ ಕಿಟಕಿ ಮುಚ್ಚಿದರು. ಅಮ್ಮನಿಗೆ ಸಿಟ್ಟು ಬಂದಾಗ ಬಾಯಿಗೆ ತೆಲುಗೇ ಬರುವುದು. "ಚಾಲು ಲಾಯರಮ್ಮ, ನೇರ್ಪಿಂದಿ ಚಾಲು" ಎಂದಳು. ಕಲಿಸಿದ್ದು ಸಾಕು ಎಂದು. ಆಮೇಲೆ ನಿಧಾನವಾಗಿ ಕನ್ನಡದಲ್ಲೇ ಹೇಳಿದಳು: "ನೀವು ಬೂಟು ಹಾಕ್ಕೊಂಡು ಗಂಡಸರ ಮಧ್ಯ ನಿಂತು ಜಗಳ ಆಡಿ ಅನ್ನ ತಿಂತೀರ. ನಾನೂ ಅಂಗೇ ತಿಂತೀನಿ. ನಿಮ್ದು ಮಾನ, ನಂದು ಯಾಕಮ್ಮ ಮಾನಗೇಡು?"

ಸುಭದ್ರಮ್ಮನವರು ಕಿಟಕಿಯ ಹತ್ತಿರವೇ ನಿಂತುಬಿಟ್ಟರು. ಕೊನೆಗೆ ಕಿಟಕಿ ತೆರೆದು, "ಟವಲ್ ತಗೊಂಡೇ ಬಾಮ್ಮ ಕೋರ್ಟಿಗೆ" ಎಂದರು.

ಅವತ್ತಿನ ಅವರ ವಾದವನ್ನು ಕೋಲಾರದ ವಕೀಲರು ಬಹಳ ದಿನ ಆಡಿಕೊಂಡರು. ಅಪ್ಪನ ವಕೀಲರು ತಾವೇ ನಾಚಿಕೊಂಡವರ ಹಾಗೆ ದನಿ ತಗ್ಗಿಸಿ ಬಟ್ಟೆ, ಮರೆ, ಪರಪುರುಷ ಎಂದೆಲ್ಲ ಹೇಳಿ ಮುಗಿಸಿದರು. ಸುಭದ್ರಮ್ಮನವರು ಅಮ್ಮನ ಟವಲು ತೆಗೆದುಕೊಂಡು ಸೀದಾ ಅವರ ಮುಂದೆ ಹೋಗಿ ನಿಂತರು. "ಬನ್ನಿ ಸಾರ್, ಕೈ ಕೊಡಿ. ಇವರು ಹಿಡೀತಾರೆ. ನಿಮ್ಮದು ಏನು ಕೆಡುತ್ತೆ ಅಂತ ಎಲ್ಲಾರೂ ನೋಡೋಣ." ಆ ವಕೀಲರು ಕೆಂಡ ಮುಟ್ಟಿದವರಂತೆ ಕೈಯನ್ನು ಕೋಟಿನೊಳಕ್ಕೆ ಎಳೆದುಕೊಂಡರು. ಕೋರ್ಟಿಗೆ ಕೋರ್ಟೇ ನಕ್ಕಿತು. ಸುಭದ್ರಮ್ಮನವರು ನಗದೆ ಜಡ್ಜರ ಕಡೆ ತಿರುಗಿ, "ಇದನ್ನ ಗಂಡಸು ಮಾಡಿದ್ರೆ ವ್ಯಾಪಾರ, ಹೆಂಗಸು ಮಾಡಿದ್ರೆ ನಡತೆಗೇಡು. ಹಾಗಂತ ಯಾವ ಕಾನೂನಲ್ಲಿದೆ ಸ್ವಾಮಿ? ಈ ಮಗು ತಿಂದಿರೋ ಅನ್ನ ಈ ಟವಲ್ಲಿಂದ್ಲೇ ಬಂದಿದ್ದು" ಎಂದರು.

ಅಮ್ಮ ತಲೆ ಎತ್ತಿ ನಿಂತಿದ್ದಳು. ನಾವು ಗೆದ್ದೆವೆಂದೇ ನಾನು ತಿಳಿದೆ.

ಜಡ್ಜರು ಹಳೆಯ ಕಾಗದ ತಿರುವಿ ಕೇಳಿದರು: "ಹಾಗಾದ್ರೆ ಹೋದ ಸಲ ಸಂತೆ ಬಿಟ್ಟಿದ್ದೀನಿ ಅಂತ ಈಕೆ ಪ್ರಮಾಣ ಮಾಡಿ ಹೇಳಿದ್ದು?"

"ಅದು ನಾನು ಹೇಳಿಕೊಟ್ಟಿದ್ದು ಸ್ವಾಮಿ."

"ಮಗು ಹೇಳಿದ್ದು?"

"ಅದೂ ನಾನೇ." ಅವರ ದನಿ ಅಷ್ಟು ಸಣ್ಣದಾಗಿ ನಾನು ಕೇಳಿದ್ದು ಅದೇ ಮೊದಲು.

ನಾವು ಸೋತೆವು. ಸಂತೆಗೆ ಹೋದದ್ದಕ್ಕಲ್ಲ. ಸುಳ್ಳು ಪ್ರಮಾಣ ಮಾಡಿ, ಮಗುವಿನ ಬಾಯಲ್ಲೂ ಸುಳ್ಳು ಹೇಳಿಸಿದ ತಾಯಿಯ ಬಳಿ ಮಗು ಇರುವುದು ತರವಲ್ಲ ಎಂದು ಜಡ್ಜರು ನನ್ನನ್ನು ಅಪ್ಪನಿಗೆ ಒಪ್ಪಿಸಿದರು. ಸುಭದ್ರಮ್ಮನವರಿಗೆ ಎಲ್ಲರೆದುರು ಬೈದರು. ಕೋರ್ಟಿನ ಜಗಲಿಯ ಮೇಲೆ ಅಮ್ಮ ನನ್ನ ಜಡೆಯ ಟೇಪು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು, ಅಳಲಿಲ್ಲ. ಸುಭದ್ರಮ್ಮನವರು ಕಂಬ ಹಿಡಿದುಕೊಂಡು ಅತ್ತರು. ಸೆರಗಿನ ತುದಿಯಲ್ಲಲ್ಲ, ಮೂಗು ಸೀಟಿಕೊಂಡು, ನೋಡುವವರಿಗೆ ಹೇಸಿಗೆಯಾಗುವ ಹಾಗೆ ಅತ್ತರು.

ಆಮೇಲೆ ಅವರು ಯಾರಿಗೂ ಅಳು ಕಲಿಸಲಿಲ್ಲವಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳು ಎನ್ನಲು ಶುರು ಮಾಡಿದರು. ಕೇಸು ಕಡಿಮೆಯಾದವು. ಹೆಂಗಸರೇ ಅವರನ್ನು ಬಿಟ್ಟು ಬೇರೆ ವಕೀಲರ ಹತ್ತಿರ ಹೋದರು. ಆ ಹೆಂಗಸರನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ತಿಂಗಳಿಗೊಮ್ಮೆ ಅಮ್ಮ ನನ್ನನ್ನು ನೋಡಬಹುದೆಂದು ಅಪ್ಪಣೆಯಿತ್ತು. ಒಬ್ಬಳೇ ಬಂದರೆ ಅಪ್ಪ ಅವಳನ್ನು ಬಾಗಿಲಿಂದಲೇ ಕಳಿಸುತ್ತಿದ್ದ. ಹಾಗಾಗಿ ಸುಭದ್ರಮ್ಮನವರು ತಮ್ಮ ಖರ್ಚಿನಲ್ಲಿ ಬಸ್ಸು ಹತ್ತಿ, ಕೋಟು ಹಾಕಿಕೊಂಡೇ ಜೊತೆಗೆ ಬರುತ್ತಿದ್ದರು. ಮಾಲೂರಿನ ಆ ಮನೆಯ ಜಗಲಿಯ ಮೇಲೆ ಒಂದು ತುದಿಯಲ್ಲಿ ಅಮ್ಮ, ನಾನು. ಇನ್ನೊಂದು ತುದಿಯಲ್ಲಿ ಅವರು, ನಮಗೆ ಬೆನ್ನು ಮಾಡಿ ಕೂತು ರಸ್ತೆ ನೋಡುತ್ತಿದ್ದರು.

ಚಿಕ್ಕಮ್ಮ ಕೆಟ್ಟವಳಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಆ ಮನೆಯಲ್ಲಿ ಅಮ್ಮನಿಗೆ ಹೆಸರಿರಲಿಲ್ಲ, "ದನದ ದಲ್ಲಾಳಿ" ಎಂದೇ ಕರೆಯುತ್ತಿದ್ದರು. ಹೈಸ್ಕೂಲಿಗೆ ಬರುವ ಹೊತ್ತಿಗೆ ಓರಗೆಯ ಹುಡುಗಿಯರೂ ಹಾಗೇ ಅನ್ನತೊಡಗಿದರು. ನಾನು ಅಮ್ಮನಿಗೆ, "ಬರೋವಾಗ ಟವಲ್ ಹಾಕ್ಕೊಂಡು ಬರಬೇಡಮ್ಮ" ಎಂದೆ. ಅಮ್ಮ ಮರುತಿಂಗಳು ಬರೀ ಹೆಗಲಲ್ಲಿ ಬಂದಳು. ಸಗಣಿ ವಾಸನೆ ಬರುತ್ತದೆ ಎಂದೆ. ಸೋಪು ಹಾಕಿ ಮಿಂದು ಬಂದಳು. ಎಲ್ಲವನ್ನೂ ಸುಭದ್ರಮ್ಮನವರು ಆ ತುದಿಯಿಂದ ಕೇಳಿಸಿಕೊಳ್ಳುತ್ತಿದ್ದರು ಎಂಬುದು ಅವರ ಕತ್ತು ಕೆಳಗಾಗುವುದರಲ್ಲಿ ತಿಳಿಯುತ್ತಿತ್ತು.

ನನಗೆ ಹದಿನೆಂಟು ತುಂಬಿದ ದಿನ ಅವರೊಬ್ಬರೇ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಉಸಿರಿಗೆ ನಿಂತು ನಿಂತು ನಡೆಯುತ್ತಿದ್ದರು. ಮುಖ ಮಾತ್ರ ಹಬ್ಬದ ದಿನದಂತಿತ್ತು. "ಇನ್ನು ನಿನ್ನನ್ನ ಯಾರೂ ಇಟ್ಕೊಳ್ಳೋ ಹಾಗಿಲ್ಲ, ಯಾರೂ ತಡೆಯೋ ಹಾಗಿಲ್ಲ ಕಣೇ. ಕೋರ್ಟೂ ಕೇಳಲ್ಲ. ನಿಮ್ಮಮ್ಮ ಬಸ್ ಸ್ಟಾಂಡಲ್ಲಿ ಕಾಯ್ತಾ ಇದಾಳೆ. ಬಟ್ಟೆ ತಗೊಂಡು ಹೊರಡು."

"ನಾನು ಬರಲ್ಲ" ಎಂದೆ.

ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು.

"ಗಂಡು ನೋಡ್ತಾ ಇದಾರೆ. ಅಮ್ಮ ಏನು ಮಾಡ್ತಾಳೆ ಅಂತ ಅವರು ಕೇಳಿದ್ರೆ ಏನಂತ ಹೇಳಲಿ?"

ಸುಭದ್ರಮ್ಮನವರು ಜಗಲಿಯ ಮೇಲೆ ಕೂತರು. ಈ ಸಲ ನನಗೆ ಬೆನ್ನು ಮಾಡಲಿಲ್ಲ. "ಬೈಯಲ್ಲ ಬಿಡು ನಿನ್ನ" ಎಂದರು. "ಅಮ್ಮನ್ನ ಕಂಡು ನಾಚ್ಕೊಳ್ಳೋದನ್ನ ನಿನಗೆ ಮೊದಲು ಕಲಿಸಿದೋಳು ನಾನು. ಚೆನ್ನಾಗೇ ಕಲಿಸಿಬಿಟ್ಟೆ." ಎದ್ದು, ಗೋಡೆ ಹಿಡಿದು ಮೆಟ್ಟಿಲಿಳಿದು, ಬಸ್ ಸ್ಟಾಂಡಿನ ಕಡೆ ಹೋದರು. ಅದೇ ಕೊನೆ. ಅಮ್ಮನೂ ಆಮೇಲೆ ಮಾಲೂರಿಗೆ ಬರಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ನೋಡಲು ಬಂದ ಗಂಡುಗಳು ಬಂದ ಹಾಗೇ ಹೋದರು. ಸುಭದ್ರಮ್ಮನವರು ಹೋದ ಸುದ್ದಿ ಕೇಳಿ ಕೆಲವು ದಿನಗಳ ಮೇಲೆ ನಾನು ಯಾರಿಗೂ ಹೇಳದೆ ಮುಳಬಾಗಿಲಿನ ಬಸ್ಸು ಹತ್ತಿದೆ. ಅಮ್ಮ ಕೊಟ್ಟಿಗೆಯಲ್ಲಿದ್ದಳು. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಅವಳನ್ನು ಕಂಡೊಡನೆ ಮರೆತುಹೋಯಿತು. ಅಮ್ಮ ಕೈ ತೊಳೆದು, ಸೀರೆಗೆ ಒರೆಸಿ, ನನ್ನ ಹಣೆಯ ಮೇಲೆ ಇಟ್ಟಳು.

"ಜ್ವರ ಬಿಡ್ತಾ?" ಎಂದಳು.

ಯಾವ ಜ್ವರ ಎಂದು ನನಗೆ ತಿಳಿದದ್ದು ಅಮ್ಮ ಮುಂದಿನದನ್ನು ಹೇಳಿದ ಮೇಲೆಯೇ. ನನಗೆ ಹದಿನೆಂಟು ತುಂಬಿದ ಆ ದಿನ ಬಸ್ ಸ್ಟಾಂಡಿಗೆ ಬರಿಗೈಯಲ್ಲಿ ಹೋದ ಸುಭದ್ರಮ್ಮನವರು ಅಮ್ಮನ ಪಕ್ಕ ಕೂತು, "ಮಗೂಗೆ ಮೈ ಸುಡ್ತಾ ಇದೆ ಮುನಿರತ್ನಮ್ಮ, ನಾನೇ ಇವತ್ತು ಬೇಡ ಅಂದೆ. ಬಿಟ್ಟ ಮೇಲೆ ತಾನೇ ಬರ್ತಾಳಂತೆ" ಎಂದಿದ್ದರಂತೆ.

"ಬಿಡ್ತಮ್ಮ" ಎಂದೆ. ಅಮ್ಮ ಕೈ ತೆಗೆಯಲಿಲ್ಲ.