ಶಂಕ್ರೆವ್ವನ ಕಾಗದ

ಮುದ್ದೇಬಿಹಾಳದ ಕೋರ್ಟಿನಲ್ಲಿ ಹೆಸರು ಕೂಗುವ ಸಿಪಾಯಿ ಬಂದೇನವಾಜ. ಅವನ ದನಿ ಬಸ್‌ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಎಡ ಮೊಣಕೈ ಮೇಲೆ ಸ್ಪರ್ಶಜ್ಞಾನವಿಲ್ಲದ ಒಂದು ಮಸುಕು ಮಚ್ಚೆ ಇದ್ದುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ವಿಜಾಪುರಕ್ಕೆ ಹೋಗಿ ಕುಷ್ಠರೋಗದ ಗುಳಿಗೆ ತರುತ್ತಿದ್ದ. ಹೆಂಡತಿ ರಹಿಮಾಬಿಗೆ ಹೊಟ್ಟೆನೋವಿನದೆಂದು ಹೇಳಿದ್ದ.

೧೯೭೩ರ ಬೇಸಿಗೆಯಲ್ಲಿ ಒಂದು ದಿನ ಅವನು ನಾಲತವಾಡದ ಶಂಕ್ರೆವ್ವನ ಹೆಸರು ಕೂಗಿದ. ಸಂತೆಯಲ್ಲಿ ಜೋಳದ ರೊಟ್ಟಿ ಮಾರಿ ಬದುಕುತ್ತಿದ್ದ ವಿಧವೆ ಆಕೆ. ಬೆರಳು ಮುರುಟಿದ ಕೈ ಕಂಡು ಯಾರೋ ದೂರು ಕೊಟ್ಟಿದ್ದರು. ಕುಷ್ಠರೋಗಿಗಳು ತಿನ್ನುವ ಪದಾರ್ಥ ಮಾರುವುದು ಅಪರಾಧವೆನ್ನುವ ಹಳೆಯ ಕಾನೂನಿನಡಿ ಖಟ್ಲೆ ಹೂಡಿದ್ದರು. ಒಳಗೂ ಬಿಡದೆ ಬಾಗಿಲಲ್ಲೇ ನಿಲ್ಲಿಸಿದ್ದರು.

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ಚಾಚಿದಳು. "ಯಪ್ಪಾ, ಡಾಕ್ಟರ ಬರದ ಕೊಟ್ಟಾರ. ಜಡ್ಡ ವಾಸಿ ಆಗೇತಿ, ಯಾರಿಗೂ ಹತ್ತೂದಿಲ್ಲಂತ. ಸಾಹೇಬ್ರ ಕೈಯಾಗ ಕೊಡು."

ಬಂದೇನವಾಜ ಕೈ ಮುಂದೆ ಮಾಡಿದ. ವಕೀಲರು, ಪೊಲೀಸರು, ಎಲ್ಲರ ಕಣ್ಣೂ ತನ್ನ ತೋಳಿನ ಮೇಲೇ ಇವೆ ಅನ್ನಿಸಿತು. ಹೇಸದೆ ಮುಟ್ಟಿದರೆ ಅನುಮಾನ ಬಂದೀತು. ಕೈ ಹಿಂದಕ್ಕೆಳೆದುಕೊಂಡು, "ದೂರ ನಿಂದ್ರು!" ಎಂದು ಎಲ್ಲರಿಗೂ ಕೇಳುವಂತೆ ಗದರಿದ. ಕಾಗದ ಅವಳ ಕೈಯಲ್ಲೇ ಉಳಿಯಿತು. ಇನ್ನು ಮುಂದೆ ರೊಟ್ಟಿ ಮಾರಕೂಡದೆಂದು ತೀರ್ಪಾಯಿತು.

ನಾಲ್ಕು ವರ್ಷದ ಮೇಲೆ ಧಾರವಾಡದಿಂದ ಇಂದ್ರಾಬಾಯಿ ಎಂಬ ಪ್ರಾಧ್ಯಾಪಕಿ ಬಂದರು. ಜಡ್ಡಿನವರನ್ನು ಜನ ಯಾಕೆ ದೂರ ಇಡುತ್ತಾರೆ, ಕಾನೂನು ಅವರನ್ನು ಹೇಗೆ ಅಪರಾಧಿ ಮಾಡುತ್ತದೆ ಎನ್ನುವುದು ಅವರ ಅಧ್ಯಯನ. ಹಳೆಯ ಕಡತ ತಂದುಕೊಡುವ ಕೆಲಸ ಬಂದೇನವಾಜನ ಪಾಲಿಗೆ ಬಂತು. ಶಂಕ್ರೆವ್ವನ ಕಡತ ತೆರೆದು ಅವರು ಗಟ್ಟಿಯಾಗಿ ಓದಿದರು: "ಆರೋಪಿ ಯಾವ ದಾಖಲೆಯನ್ನೂ ಹಾಜರುಪಡಿಸಲಿಲ್ಲ."

"ಕಾಗದ ಇತ್ತರಿ ಬಾಯಾರ," ಎಂದ ಬಂದೇನವಾಜ. "ನಾನ ಇಸಗೊಳ್ಳಲಿಲ್ಲ."

"ಯಾಕ?"

ಅವನು ಅಂಗಿಯ ತೋಳು ಮಡಚಿ ತೋರಿಸಿದ. ಇಂದ್ರಾಬಾಯಿ ಪೆನ್ನು ಕೆಳಗಿಟ್ಟರು.

ಮರುದಿನ ಇಬ್ಬರೂ ನಾಲತವಾಡಕ್ಕೆ ಹೋದರು. ಶಂಕ್ರೆವ್ವನ ಅಕ್ಕನ ಮಗಳು ಶೇವಂತೆವ್ವ ಬಾಗಿಲಿಗೆ ಬಂದಳು.

"ಚಿಗವ್ವ ಹ್ವಾದ ವರ್ಷ ತೀರಿಕೊಂಡ್ಳರಿ. ರೊಟ್ಟಿ ಬಿಟ್ಟಮ್ಯಾಗ ಬೇಡಾಕ ಕುಂತ್ಳು. ಅದಕ್ಕೂ ಒಮ್ಮಿ ಪೊಲೀಸರು ಹಿಡಕೊಂಡ ಹೋಗಿದ್ರು."

ಬಂದೇನವಾಜ ತಾನು ಯಾರು, ಅಂದು ಏನು ಮಾಡಿದೆ, ಯಾಕೆ ಮಾಡಿದೆ ಎಂಬುದನ್ನೆಲ್ಲ ತಲೆ ತಗ್ಗಿಸಿ ಹೇಳಿ, ತೋಳಿನ ಮಚ್ಚೆಯನ್ನೂ ತೋರಿಸಿದ. ಶೇವಂತೆವ್ವ ಅವನ ತೋಳನ್ನು ನೋಡಿದಳು.

"ಗುಳಗಿ ತಪ್ಪಸಬ್ಯಾಡ್ರಿ," ಎಂದಷ್ಟೇ ಹೇಳಿ, ಒಳಗೆ ಹೋಗಿ ಕದ ಮುಚ್ಚಿಕೊಂಡಳು.

ತಿರುಗಿ ಬರುವಾಗ ಬಸ್ಸಿನಲ್ಲಿ, ತನ್ನ ಹೆಸರು ಎಲ್ಲಿಯೂ ಬರೆಯಬೇಡಿರೆಂದು ಅವನು ಇಂದ್ರಾಬಾಯಿಯವರನ್ನು ಕೇಳಿಕೊಂಡ. ನೌಕರಿ ಇನ್ನೂ ಆರು ವರ್ಷ ಇತ್ತು.